ನಂದಾದೀಪದ ಫೋಟೋದಲ್ಲಿ ಬಂದ ಕೈ

ಅಧ್ಯಕ್ಷತೆ ವಹಿಸಿರುವ ಮನೀಷಾ ಅವರೇ, ನಮ್ಮಂಥ ಹಳ್ಳಿಯ ಹೆಂಗಸರನ್ನು ಸೊಲ್ಲಾಪುರಕ್ಕೆ ಕರೆಸಿ ಹತ್ತು ದಿನ ಕ್ಯಾಮೆರಾ ಕಲಿಸಿದ ಅವಿನಾಶ ಸರ್ ಅವರೇ, ತಡವಳದಿಂದ ಬಸ್ಸಿನಲ್ಲಿ ಬಂದು ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಭಾವ ಚನ್ನವೀರಪ್ಪನವರೇ, ಅವರ ಹಿಂದೆ ಕಂಬದ ಮರೆಗೆ ಕುಳಿತಿರುವ ನನ್ನ ಮೈದುನನ ಹೆಂಡತಿ, ನೆಗೆಣ್ಣಿ ಗುರುಬಾಯಿಯೇ, ಮತ್ತು ಸಮಸ್ತ ಸಭಿಕರೇ.

ನಾನು ಅಕ್ಕನಾಗಮ್ಮ. ಏಳನೆಯ ಇಯತ್ತೆ ಮುಗಿಸಿದವಳು. ಎಚ್‌ಡಿಆರ್ ಫೋಟೋ ತೆಗೆಯುವಾಗ ಹೊಸಬರಿಗೆ ಬರುವ ತೊಂದರೆ ಮತ್ತು ಅದರ ಪರಿಹಾರದ ಬಗ್ಗೆ ಐದು ನಿಮಿಷ ಮಾತಾಡಬೇಕೆಂದು ಸರ್ ಹೇಳಿದ್ದಾರೆ. ತೊಂದರೆ ನನ್ನ ಬಳಿ ಬೇಕಾದಷ್ಟಿದೆ. ಪರಿಹಾರ ಮಾತ್ರ ಕೇಳಬೇಡಿ.

ಎಚ್‌ಡಿಆರ್ ಎಂದರೇನು? ನನಗೆ ತಿಳಿದಷ್ಟು ಹೇಳುತ್ತೇನೆ. ಬಾಗಿಲಲ್ಲಿ ಬಿಸಿಲಿದೆ, ಒಳಗೆ ಕತ್ತಲಿದೆ. ಬಿಸಿಲಿಗೆ ಹೊಂದಿಸಿದರೆ ಒಳಗಿನದು ಕಾಣದು. ಕತ್ತಲಿಗೆ ಹೊಂದಿಸಿದರೆ ಬಾಗಿಲು ಬರೀ ಬಿಳಿ. ಅದಕ್ಕೆ ಒಂದೇ ಜಾಗದಿಂದ ಮೂರು ಫೋಟೋ ತೆಗೆಯಬೇಕು: ಒಂದು ಸಾಧಾರಣ, ಒಂದು ಮಬ್ಬು, ಒಂದು ಬೆಳ್ಳಗೆ. ಆಮೇಲೆ ಕಂಪ್ಯೂಟರ್ ಮೂರನ್ನೂ ಕಲಸಿ ಒಂದು ಮಾಡುತ್ತದೆ. ಆ ಒಂದರಲ್ಲಿ ಎಲ್ಲವೂ ಕಾಣುತ್ತದೆ. ಆದರೆ ಅದು ಯಾವ ಹೊತ್ತಿನ ಫೋಟೋ? ಮೊದಲನೆಯ ಹೊತ್ತಿನದೋ, ಮೂರನೆಯದರದೋ? ಇದನ್ನು ಸರ್‌ಗೆ ಕೇಳಿದೆ. ಅವರು ನಕ್ಕು ಚಹಾ ತರಿಸಿದರು.

ಅಂಥದೊಂದು ಫೋಟೋ ಮನೆಯಲ್ಲೇ ತೆಗೆದು ತನ್ನಿ ಎಂದು ಸರ್ ಹೇಳಿದಾಗ ನಾನು ಆರಿಸಿಕೊಂಡದ್ದು ನಮ್ಮ ಮನೆಯ ನಂದಾದೀಪ. ನಮ್ಮ ಅತ್ತೆಯವರ ಅತ್ತೆ ಹಚ್ಚಿದ ದೀಪ ಅದು, ಆರಬಾರದು. ಬೆಳಿಗ್ಗೆ ಅದಕ್ಕೆ ಕುಸುಬಿ ಎಣ್ಣೆ ಹಾಕದೆ ನಾನು ನೀರು ಕೂಡ ಕುಡಿಯುವುದಿಲ್ಲ. ಈ ಹತ್ತು ದಿನವೂ ಎಣ್ಣೆ ಹಾಕಿಯೇ ಸೊಲ್ಲಾಪುರದ ಬಸ್ಸು ಹತ್ತಿದ್ದೇನೆ. ಹಿಂದೆ ಈ ಕೆಲಸ ನನಗೂ ಗುರುಬಾಯಿಗೂ ಪಾಳಿಯ ಮೇಲಿತ್ತು. ಇಪ್ಪತ್ತೆರಡು ವರ್ಷದ ಹಿಂದೆ, ಗುರುಬಾಯಿಯ ಮಗಳು ಜ್ವರದಲ್ಲಿ ಮಲಗಿದ್ದಾಗ, ಆಕೆಯ ಪಾಳಿಯಲ್ಲಿ ದೀಪ ಆರಿತು. ಐದು ಮಂದಿ ಅಯ್ಯನವರನ್ನು ಕರೆಸಿ, ಪೂಜೆ ಮಾಡಿಸಿ ಮತ್ತೆ ಹಚ್ಚಿಸಿದೆವು. ಭಾವನವರು ಅಂದೇ ಹೇಳಿದರು, “ಇನ್ನ ಆಕಿ ದೀಪ ಮುಟ್ಟೂದು ಬ್ಯಾಡ.” ನನಗೆ ಬೇಸರವಾಯಿತೆಂದರೆ ಸುಳ್ಳಾದೀತು. ಒಳಗೊಳಗೆ ನನಗೆ ಹಿಗ್ಗಾಗಿತ್ತು. ಅಂದಿನಿಂದ ದೀಪ ಒಮ್ಮೆಯೂ ಆರಿಲ್ಲವೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು.

ಫೋಟೋದ ದಿನ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದೆ. ಯಾವುದೂ ಅಲುಗಬಾರದು ಎಂದು ಸರ್ ಹೇಳಿದ್ದರಲ್ಲ, ಬಾಗಿಲ ಪರದೆ ಹಾರದಂತೆ ಹಿಡಿದುಕೊಂಡು ನಿಲ್ಲು ಎಂದು ಗುರುಬಾಯಿಗೆ ಹೇಳಿದೆ. ಒಂದು ಫೋಟೋ ತೆಗೆದೆ. ಕನ್ನಡಕ ಹುಡುಕಿ ಸೆಟಿಂಗ್ ಬದಲಿಸಿದೆ. ಎರಡನೆಯದು ತೆಗೆದೆ. ಅದು ಬಹಳ ಕಪ್ಪಾಗಿ ಬಂತು. ಮಬ್ಬಾಗಿಯೇ ಬರಬೇಕಲ್ಲವೇ ಎಂದುಕೊಂಡೆ. ಮತ್ತೆ ಸೆಟಿಂಗ್ ತಿರುಗಿಸುತ್ತಾ ಕುಳಿತೆ. ಮೂರನೆಯದನ್ನೂ ತೆಗೆದೆ. ತಲೆ ಎತ್ತಿದಾಗ ದೀಪ ಉರಿಯುತ್ತಿತ್ತು.

ತರಗತಿಯ ಕಂಪ್ಯೂಟರಿನಲ್ಲಿ ಕಲಸಿ ಮನೆಗೆ ಒಯ್ದ ಫೋಟೋದಲ್ಲಿ ಜ್ವಾಲೆಯ ನಡುವೆ ಕಪ್ಪು ತೂತು ಬಿದ್ದಿತ್ತು. ಪಕ್ಕದಲ್ಲಿ ಹೊಗೆಯಂಥ ಒಂದು ಕೈ, ಅದರ ಹಿಂದಿನ ಗೋಡೆಯೂ ಕಾಣುವಂಥದ್ದು. ಭಾವನವರು ನೋಡಿದವರೇ ಕೈ ಮುಗಿದರು. “ದೀಪ ಹಚ್ಚಿದ ನಮ್ಮ ಅಜ್ಜಿ ಕೈ ಐತಿ ಇದು. ಆಕಿನ ದೀಪ ಕಾಯಾಕತ್ತಾಳ!” ಫ್ರೇಮ್ ಹಾಕಿಸಿ ದೇವರ ಕೋಣೆಯಲ್ಲಿ ತೂಗುಹಾಕಿದರು. ನಾನೂ ಊದುಬತ್ತಿ ಬೆಳಗಿದೆ. ಏನು ಸುಳ್ಳು ಹೇಳಲಿ, ಕಣ್ಣಲ್ಲಿ ನೀರು ಬಂದಿತ್ತು.

ಮೊನ್ನೆ ತರಗತಿಯಲ್ಲಿ ಸರ್ ಆ ಮೂರೂ ಫೋಟೋಗಳನ್ನು ಬಿಡಿಬಿಡಿಯಾಗಿ ತೆರೆದರು. “ಥಾಂಬಾ ಮಾವಶಿ, ನಿಲ್ರಿ,” ಎಂದರು. “ಮಬ್ಬು ಫೋಟೋದಾಗನ ಜ್ವಾಲಿ ಛಲೋ ಕಾಣಬೇಕು. ಇದರಾಗ ಜ್ವಾಲೀನ ಇಲ್ಲಲ್ಲ?” ಇರಲಿಲ್ಲ. ಬತ್ತಿಯ ತುದಿಯಲ್ಲಿ ಒಂದೆಳೆ ಹೊಗೆಯಿತ್ತು, ಅಷ್ಟೇ. ಮೂರನೆಯದರಲ್ಲಿ ದೀಪವೂ ಇತ್ತು, ಹಿಂದೆ ಸರಿಯುತ್ತಿರುವ ಕೈಯೂ ಇತ್ತು. ಕೈಯಲ್ಲಿ ಹಸಿರು ಬಳೆಗಳು. ಆ ಬಳೆಗಳನ್ನು ಅಕ್ಕಲಕೋಟೆಯಲ್ಲಿ ನಾನೇ ಕೊಡಿಸಿದ್ದೆ.

ಸಂಜೆ ಊರಿಗೆ ಹೋದವಳೇ ಗುರುಬಾಯಿಯನ್ನು ಹಿಡಿದು ಕೇಳಿದೆ.

“ದೀಪ ಆರಿತ್ತೇನು?”

“ಹೂಂನಕ್ಕ. ಬತ್ತಿ ಎಣ್ಣಿ ಬಿಟ್ಟಿತ್ತು. ಕಡ್ಡಿ ಗೀರಿ ಹಚ್ಚಿದೆ.”

“ನನಗ್ಯಾಕ ಹೇಳಲಿಲ್ಲ?”

“ನೀ ಕ್ಯಾಮೆರಾ ನೋಡಾಕತ್ತಿದ್ದಿ, ನಾ ದೀಪ ನೋಡಾಕತ್ತಿದ್ದೆ. ಹೇಳಿದ್ರ ಮತ್ತ ಐದ್ ಮಂದಿ ಅಯ್ಯನವ್ರನ್ನ ಕರಸ್ತಿದ್ರಿ. ಹೋಳಗಿ ಮಾಡಾಕಿ ಯಾರು? ನಾನ!”

“ಹಿಂದನೂ ಹಿಂಗ ಹಚ್ಚೀಯೇನು?”

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಎಣಿಸಿಲ್ಲಕ್ಕ,” ಅಂದಳು.

ಸಭಿಕರೇ, ಅಂದಿನಿಂದ ನನಗೆ ದಿಕ್ಕೇ ತಿಳಿಯದಂತಾಗಿದೆ. ಎಣಿಸಿಲ್ಲವೆಂದರೆ ಎಷ್ಟು ಸಲ? ಇಪ್ಪತ್ತೆರಡು ವರ್ಷ ನಾನು ಕಾಯ್ದದ್ದು ಯಾವ ದೀಪವನ್ನು? ಊದುಬತ್ತಿ ಬೆಳಗಿದ್ದು ಯಾರ ಕೈಗೆ? ತಪ್ಪಾಯಿತೋ, ಸರಿಯೇ ಆಯಿತೋ? ಪೂಜೆಯಲ್ಲಿ ಕುಳಿತು ದೇವರನ್ನೂ ಕೇಳಿದ್ದೇನೆ.

ಸರ್ ಅಂದರು, ಹೀಗೆ ನಡುವೆ ಅಲುಗಿದ್ದನ್ನು ಅಳಿಸುವ ಗುಂಡಿ ಕಂಪ್ಯೂಟರಿನಲ್ಲೇ ಇದೆಯಂತೆ. ಒತ್ತಿದರೆ ಕೈ ಹೋಗುತ್ತದೆ, ಫೋಟೋ ಚೊಕ್ಕಟವಾಗುತ್ತದೆ. ಹೊಸಬರಿಗೆ ಇದೇ ಪರಿಹಾರ, ಬರೆದುಕೊಳ್ಳಿ. ನಾನು ಮಾತ್ರ ಬೇಡವೆಂದೆ. ನಾವು ಆ ಕೈಯನ್ನು ಇಷ್ಟು ವರ್ಷ ಅಳಿಸಿಯೇ ಸಂಸಾರ ಮಾಡಿದ್ದೇವೆ.

ಭಾವನವರೇ, ಮನೆಯಲ್ಲಿ ನಿಮ್ಮೆದುರು ನಿಂತು ಇಷ್ಟು ಮಾತಾಡಿದವಳಲ್ಲ ನಾನು. ಇಲ್ಲಿ ಮೈಕ್ ಸಿಕ್ಕಿದೆ. ನಾಳೆ ಬೆಳಿಗ್ಗೆ ದೀಪಕ್ಕೆ ಗುರುಬಾಯಿ ಎಣ್ಣೆ ಹಾಕಲಿ. ದೀಪ ಆರಿಸಿದವಳು ಮುಟ್ಟಬಾರದು ಎಂದೇ ನೀವು ಹೇಳಿದರೆ, ನನ್ನ ಕೈಯಲ್ಲೂ ಆರಿದೆ, ನಾನೂ ಮುಟ್ಟುವಂತಿಲ್ಲ. ಆಗ ನೀವೇ ನಸುಕಿನಲ್ಲಿ ಎದ್ದು, ಉಪವಾಸವಿದ್ದು ಬತ್ತಿ ಹೊಸೆಯಬೇಕಾಗುತ್ತದೆ. ನಿಮಗೆ ಬತ್ತಿ ಹೊಸೆಯಲು ಬರುವುದಿಲ್ಲವೆಂದು ಇಡೀ ತಡವಳಕ್ಕೆ ಗೊತ್ತು.

ಭಾವನವರು ತಲೆ ಆಡಿಸುತ್ತಿದ್ದಾರೆ. ಹೂಂ ಎಂದೋ, ಉಹೂಂ ಎಂದೋ ಇಲ್ಲಿಂದ ತಿಳಿಯುತ್ತಿಲ್ಲ. ಗುರುಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಾಳೆ. ಇದನ್ನು ಸಭೆಯಲ್ಲಿ ಆಡುತ್ತೇನೆಂದು ಆಕೆಗೆ ಹೇಳಿರಲಿಲ್ಲ, ಅದೊಂದು ತಪ್ಪು ನನ್ನದು. ಗುರುಬಾಯಿ, ಬೈಯುವುದಿದ್ದರೆ ಬಸ್ಸಿನಲ್ಲಿ ಬೈಯಿ, ನಿನ್ನ ಪಕ್ಕದಲ್ಲೇ ಕೂಡುತ್ತೇನೆ.

ಐದು ನಿಮಿಷದ ಜಾಗದಲ್ಲಿ ಹದಿನೈದು ನಿಮಿಷ ತಾಳಿಕೊಂಡಿರಿ. ಕಲಿಸಿದವರಿಗೂ ಕೇಳಿದವರಿಗೂ ಉಪಕಾರವಾಯಿತು. ಎಲ್ಲರಿಗೂ ನಮಸ್ಕಾರ.