ಕೇದಾರಕ್ಕ ಬಿಟ್ಟ ಮರಿ

...ಅಲ್ಲೋ, ಹೊಸ್ತಿಲದಾಗ ಯಾಕ ಕುಂತಿ? ಒಳಗ ಬಾ. ಬಾರಪಾ ಬಸಯ್ಯಾ! ಹುಟ್ಟಿದ ಮನ್ಯಾಗ ಪರಊರಾವರಂಗ ಕುಂತ್ರ ಈ ಖಾನಾಪುರದ ಮಂದಿ ನನ್ನ ಸುಮ್ನ ಬಿಟ್ಟಾರೇನು? ಹಾಂ... ಆ ಕಂಬಳಿ ಮ್ಯಾಲ ಕುಂಡ್ರು. ಚಾ ಆರಾಕತ್ತೈತಿ, ಕುಡಿ. ಯಾಕ, ದೊಡ್ಡವ್ವ ಮಾಡಿದ ಚಾ ಒಲ್ಲೇನು? ಬ್ಯಾಡಾದ್ರ ಬಿಡು. ಚಾ ಕುಡಿ ಅಂತ ನಾ ಏನ ನಿನ್ನ ಕಾಲ ಹಿಡಿಯಾಕಿಲ್ಲ.

ಎಷ್ಟ ದೊಡ್ಡಾವ ಆಗೀಯೋ! ಟೇಶನ್ ಕಡಿಂದ ನಡಕೋತ ಬರೂದು ನೋಡಿ ಯಾರೋ ಮಿಲಿಟರಿಯಾವ ರಜಾಕ್ಕ ಬಂದಾನ ಅಂದ್ಕೊಂಡೆ, ಖರೇ. ಹನ್ನೆರಡು ವರ್ಷ ಆತಲ್ಲ. ಎಪ್ಪತ್ಮೂರರಾಗ ಹೋದಿ, ಈಗ ಎಂಬತ್ತೈದು. ಹೋಗುವಾಗ ಒಂಬತ್ತು ವರ್ಷದಾವ, ಅಂಗಿ ಗುಂಡಿ ಹಾಕ್ಕೊಳ್ಳಾಕ ಬರತಿರಲಿಲ್ಲ ನಿನಗ. ನೆನಪೈತೇನು? ನಿಮ್ಮವ್ವ ಅಕ್ಕವ್ವ ತುತ್ತು ಮಾಡಿ ಬಾಯಾಗ ಇಟ್ರ ಊಟ, ಇಲ್ಲಂದ್ರ ಉಪಾಸ. ಎರಡು ಹನಿ ಮಳಿ ಬಿದ್ರ ಸಾಲಿ ಬಿಡಿಸೂದು. ಹುಡುಗೂರೆಲ್ಲಾ ಮಲಪ್ರಭಾ ಹೊಳ್ಯಾಗ ಈಸ್ಯಾಡತಿದ್ರ ನೀ ದಂಡ್ಯಾಗ ಅವ್ವನ ಸೆರಗ ಹಿಡಕೊಂಡು ನಿಂತಿರತಿದ್ದಿ. ಗಂಡ ಸತ್ತ ಹೆಣಮಗಳು, ಒಂದೇ ಕೂಸು, ಹಂಗ ಸಾಕಿದ್ಲು ಪಾಪ. ನಾ ಆಡಿಕೊಂಡು ನಗತಿದ್ದೆ. "ಇವನ್ನ ಉಪ್ಪಿನಕಾಯಿ ಹಾಕಿ ಭರಣ್ಯಾಗ ಇಟ್ಟಬಿಡ ಅಕ್ಕವ್ವಾ, ಕೆಡೂದಿಲ್ಲ" ಅಂತಿದ್ದೆ.

ಯಾಕ ಹಂಗ ನೋಡತಿ? ಚಾಷ್ಟಿ ಮಾಡಿದೆನೋ ಮಾರಾಯಾ. ನಗಬಾರದು ಅಂತ ಆ ಹಿಮದಾಗ ಕಲಿಸ್ಯಾರೇನು?

ಹ್ವಾದ ವರ್ಷ ಬೆಳಗಾವಿ ಉಳವಪ್ಪ ಸಾವಕಾರ್ರು ಕೇದಾರ ಯಾತ್ರಾ ಮಾಡಿಕೊಂಡು ಬಂದ್ರು. ಪ್ರಸಾದಕ್ಕ ಕರದಿದ್ರು, ಹೋಗಿದ್ದೆ. ಅವರು ಹೇಳಿದ್ರು, "ಶಿವಬಸವ್ವಾ, ನಿಮ್ಮ ಬಸಯ್ಯ ಬರ್ಫದ ಮ್ಯಾಲ ನನ್ನ ಕೈ ಹಿಡಕೊಂಡು ದಾಟಿಸಿದ. ನಲವತ್ತು ಮಂದಿಗೆ ಒಬ್ಬಾವನೇ ಅಡಗಿ ಮಾಡತಾನ. ಮಾಳಗಿ ಮ್ಯಾಲಿನ ಬರ್ಫ ಎಳದು ಕೆಡವತಾನ. ಗುಡ್ಡದ ಮಂದಿ ಜೋಡಿ ಅವರ ಮಾತಿನಾಗ ಜಗಳಾ ಆಡತಾನ" ಅಂತ. ನಾ ಮೂರು ಸಲ ಕೇಳಿದೆ. ಯಾವ ಬಸಯ್ಯ, ನಮ್ಮ ಬಸಯ್ಯ ಹೌದಲ್ಲ, ಎಡಹುಬ್ಬಿನ ಮ್ಯಾಲ ಗಾಯದ ಕಲಿ ಐತಿ, ಹೌದಲ್ಲ? ಹೌದು ಅಂದ್ರು. ನನ್ನ ಹೊಟ್ಟಿ ಉರೀತು. ಉರೀತಪಾ, ಯಾಕ ಮುಚ್ಚಿಡ್ಲಿ? ನನ್ನ ಮಗ ಕಲ್ಲಯ್ಯ ನಿನಗಿಂತ ಎರಡ ವರ್ಷ ಹಿರ್ಯಾವ. ಇಪ್ಪತ್ಮೂರಕ್ಕ ಅವಗ ನಾ ತುತ್ತು ಮಾಡಿ ಉಣಸಾಕತ್ತೀನಿ!

ಒಳಗ ಮಲಗ್ಯಾನ. ಆಗಲೇ ನೀ ಇಣಿಕಿ ನೋಡಿದೆಲ್ಲ, ಗುರುತು ಹತ್ತಿತೇನು? ಹತ್ತಿರಾಕಿಲ್ಲ. ಮೈಯೆಲ್ಲಾ ಬಾವು, ಮಾರಿ ಹಸಿಮಣ್ಣಿಲೆ ಮಾಡಿಟ್ಟಂಗ ಆಗೈತಿ. ಕಾಲ ಮ್ಯಾಲ ಬಟ್ಟು ಒತ್ತಿದ್ರ ತಗ್ಗು ಬಿದ್ದದ್ದು ಏಳೂದಿಲ್ಲ. ಬೆಳಗಾವಿ ದವಾಖಾನ್ಯಾಗ ಒಂದೂವರಿ ತಿಂಗಳು ಇಟ್ಟಿದ್ವಿ. ಡಾಕ್ಟರು ನನ್ನ ಬಾಜೂಕ ಕರದು, "ಕಿಡ್ನಿ ಎರಡೂ ಹೋಗ್ಯಾವ ಯವ್ವಾ, ಮನಿಗೆ ಕರಕೊಂಡು ಹೋಗ್ರಿ" ಅಂದ್ರು. ಹಂಗಂದ್ರ ಏನಂತ ನನಗ ತಿಳೀತು. ನಿಮ್ಮ ದೊಡ್ಡಪ್ಪಗ ಇನ್ನೂ ತಿಳಿದಿಲ್ಲ. ಗುಣಾ ಆಗತಾನ, ಮುಂದಿನ ವರ್ಷ ಲಗ್ನಾ ಮಾಡೂಣು ಅನ್ನಾಕತ್ತಾರ.

ಅದಕ್ಕ ನಿನಗ ತಾರ ಹೊಡಿಸಿದ್ದು. ಕೇಳು. ನಂದಗಡದಾಗ ಭರಮವ್ವ ಅಂತ ಹೇಳಿಕಿ ಹೇಳೂ ಮುದುಕಿ ಅದಾಳ. ಆಕಿ ಕಣ್ಣ ಮುಚ್ಚಿಕೊಂಡು ಹೇಳಿದ್ಲು, "ಕೇದಾರಕ್ಕ ಹೋದ ಹುಡುಗ ಬರಬೇಕು. ಕೊರಳಾಗಿನ ಲಿಂಗ ಒಂದು ಕೈಯಾಗ ಹಿಡಿದು, ಇನ್ನೊಂದು ಕೈ ಇವನ ತಲಿ ಮ್ಯಾಲ ಇಟ್ಟು, ನಾ ಮನಸಾರೆ ಒಪ್ಪಿ ಹೋಗೀನಿ ಅನಬೇಕು. ಆವಾಗ ಇವ ಏಳತಾನ" ಅಂತ. ಅಷ್ಟೇ ನೋಡು. ಒಂದ ಮಾತು. ನಾ ಮನಸಾರೆ ಒಪ್ಪಿ ಹೋಗೀನಿ. ನಡಿ, ಒಳಗ ಹೋಗೂಣು... ಯಾಕೋ? ಏಳೋ!

ಏನು, ಯಾಕ ಅನಬೇಕು ಅಂತೇನು? ನನಗೇನ ಗೊತ್ತು? ದೇವರು ಆಡಿಸಿದ್ದು, ಆಕಿ ಆಡಿದ್ದು. ನಾ ನಡುವ ಬಾಯಿ ಹಾಕಾಕ ಯಾರು? ನಿನಗ ಹೋಗಿ ಕೆಟ್ಟದ್ದರ ಏನಾತು? ನಮ್ಮ ಅಯ್ಯನೋರ ಮನಿತನದಾಗ ಮಠಕ್ಕ ಮರಿ ಬಿಡೂದು ಹೊಸಾದೇನಲ್ಲ. ನಿಮ್ಮ ಮುತ್ಯಾನ ತಮ್ಮನ್ನೂ ಬಿಟ್ಟಿದ್ರು. ಹುಡುಗ ಅಲ್ಲೇ ಕಲೀತಾನ, ಅಲ್ಲೇ ಪೂಜಿ ಮಾಡಕೊಂಡು ದೊಡ್ಡಾವ ಆಗತಾನ. ನೀ ಆಗೀಯಲ್ಲ! ಇಲ್ಲೇ ಇದ್ದಿದ್ರ ಅವ್ವನ ಸೆರಗಿನಾಗ ಕೊಳತ ಹೋಗತಿದ್ದಿ. ನಿನ್ನ ಮನಶ್ಯಾನ ಮಾಡಿದಾಕಿ ನಾ, ತಿಳಕೋ.

...ಅಲ್ಲೇನ ನೋಡತಿ? ಅಡಗಿಮನಿ ಬಾಗಲಾ?

ಹೂಂ. ಹೊರಗಿನಿಂದ ಚಿಲಕಾ ಹಾಕಿದ್ದೆ ಅವತ್ತ. ಹಾಕಬೇಕಾತು. ನಿಮ್ಮವ್ವ ಟೇಶನ್ನಿಗೆ ಬಂದಿದ್ರ ಗಾಡಿ ಗಾಲಿಗೆ ತಲಿ ಕೊಡತಿದ್ಲು. ಗುಂಜಿ ಅಡವ್ಯಾಗ ಬೆಳದಾಕಿ, ಆಕಿನ್ನ ಹಿಡಿಯೂದಂದ್ರ ಎಮ್ಮಿ ಹಿಡದಂಗ. ಬಾಗಲಾ ಬಡದು ಬಡದು ಕೈ ಬಾತಿದ್ವು. ಬಾಜೂಮನಿ ಮರಾಠರ ಮುದುಕಿ ಬಂದು ಬಿಡಿಸ್ಯಾಳ, ಗಾಡಿ ಹೋದ ಮ್ಯಾಲ. ನೀ ಅಂತೂ ನನ್ನ ಸೀರಿ ಬಿಡವಲ್ಲಿ. ಒಂದೊಂದೇ ಬಟ್ಟು ಬಿಡಿಸಿದೆ. "ನಾಳಿನ ಗಾಡಿಗೆ ನಿಮ್ಮವ್ವ ಬರತಾಳ, ಮೊದಲ ನೀ ಹೋಗು" ಅಂದೆ. ಸುಮ್ಮನಾದಿ! ಗಾಡಿ ಹೊಂಟಾಗ ಮಠದಾವರ ಬಾಜೂಕ ಕುಂತು ಕಿಡಕ್ಯಾಗಿಂದ ಏನಂದಿ ಗೊತ್ತೈತೇನು? "ದೊಡ್ಡವ್ವಾ, ಅವ್ವಗ ನನ್ನ ಕುಲಾಯಿ ಟೊಪಿಗಿ ತರಾಕ ಹೇಳ." ಮನಿಗೆ ಬರೂತನಾ ಅದನ್ನ ನೆನಸಿಕೊಂಡು ನಗೂನ ನಗು ನಾನು...

ಆತು, ನಗಬಾರದಿತ್ತು. ಏನ ಮಾಡಲಿ ಈಗ?

ಎಷ್ಟು ದಿನಾ ಆ ಕುಲಾಯಿ ದಾರಿ ಕಾದಿ? ಹೇಳು ನೋಡೂಣು. ಒಂದ ತಿಂಗಳು? ಒಂದ ವರ್ಷ? ...ಹಾಂ. ಹೇಳಬ್ಯಾಡ. ಎರಡನೇ ಮಳಿಗಾಲದಾಗ ನಿಮ್ಮವ್ವ ಜ್ವರ ಬಂದು ತೀರಿಕೊಂಡ್ಲು. ನಿನಗ ಕಾಗದಾ ಮುಟ್ಟಾಕ ಐದು ತಿಂಗಳು ತಡಾ ಆತು. ಹಿಮಾ ಬಿದ್ದು ಹಾದಿ ಕಟ್ಟಿತ್ತಂತ, ಟಪಾಲು ಹೋಗಲಿಲ್ಲಂತ, ಹಂಗ ಬರಸಿದ್ದೆ. ಆಷಾಢದಾಗ ಎಲ್ಲಿ ಹಿಮಾ ಅಂತ ಈಗ ನಿನಗ ತಿಳೀತೈತಿ. ಹತ್ತು ವರ್ಷದ ಹುಡುಗ, ತಿಳೀಲಿಕ್ಕಿಲ್ಲ ಅಂದ್ಕೊಂಡಿದ್ದೆ. ಮಣ್ಣಿಗೆ ಅಂತ ನೀ ಬಂದಿದ್ರ ತಿರುಗಿ ಹೋಗತಿದ್ದೇನು? ನೀ ಹೋಗದಿದ್ರ...

ಹೋಗದಿದ್ರ ಏನೂ ಇಲ್ಲ. ಮಠದಾವರಿಗೆ ಮಾತು ಕೊಟ್ಟಿದ್ವಿ, ಅದಕ್ಕಂದೆ.

ನೋಡು ಬಸಯ್ಯಾ, ನಾ ಒಬ್ಬಾಕಿನ ಕಳಿಸಿಲ್ಲ ನಿನ್ನ. ಅಜ್ಜಾರ ಗದ್ದಿಗಿ ಮುಂದ ಅಪ್ಪಣಿ ಕೇಳೀವಿ. ಐದು ಮಂದಿ ಹಿರ್ಯಾರು ಕುಂತಿದ್ರು. ಗದ್ದಿಗಿ ಕಲ್ಲಿಗೆ ಎರಡು ಸೇವಂತಿಗಿ ಹೂ ನೀರ ಹಚ್ಚಿ ಅಂಟಿಸಿದ್ವಿ. ಬಲಕ್ಕ ಕಲ್ಲಯ್ಯಂದು, ಎಡಕ್ಕ ನಿಂದು. ಯಾರ ಹೂ ಬೀಳತೈತಿ, ಅವ ಕೇದಾರಕ್ಕ. ನಿಂದು ಬಿತ್ತು. ಅಪ್ಪಣಿ ಆತು ಅಂತ ಎಲ್ಲಾರೂ ಕೈ ಮುಗದ್ರು. ನಿಮ್ಮವ್ವನೂ ಮುಗದಳಲ್ಲ! ಅಳಕೋತ ಮುಗದಳು. ದೇವರಂದ ಮ್ಯಾಲ ಆಕಿಯಾದ್ರೂ ಏನ ಮಾಡ್ಯಾಳು, ನಾ ಆದ್ರೂ ಏನ ಮಾಡೇನು?

ಹಂಗ ನೋಡಬ್ಯಾಡ. ಯಾಕ ನನ್ನ ಕೈ ನೋಡತಿ? ಏನೈತಿ ಕೈಯಾಗ? ಹನ್ನೆರಡ ವರ್ಷದ ಮ್ಯಾಲ ಹಲಸಿನ ಮ್ಯಾಣಾ ಇರತೈತೇನು ಕೈಯಾಗ...

...

ಏನಂದೆ ನಾ?

ಇಲ್ಲ, ನಾ ಏನೂ ಅನ್ನಲಿಲ್ಲ. ಹಲಸಿನಕಾಯಿ ಹೆಚ್ಚಿದ್ದೆ ಮುಂಜಾನೆ, ಅದಕ್ಕ ಬಾಯಾಗ ಬಂತು. ಪಲ್ಯಾ ಮಾಡೀನಿ ನಿನಗ. ನಿನಗ ಸೇರತಿತ್ತಲ್ಲ... ಬೈಯೋ. ಏನರ ಅನ್ನೋ! ಗ್ವಾಡಿ ಜೋಡಿ ಮಾತಾಡಿದಂಗ ಆತಲ್ಲೋ ನನಗ. ನೀ ಯಾಕ ಕೇಳವಲ್ಲಿ? ಯಾವ ಮ್ಯಾಣಾ ದೊಡ್ಡವ್ವಾ, ಅಂತ ಒಂದ ಸಲ ಕೇಳಿದ್ರ ನಾ ಇಲ್ಲ ಅಂದು ಬಿಡತಿದ್ದೆ. ನೀ ಕೇಳಲಿಲ್ಲ. ನಿನಗ ಮೊದಲೇ ಗೊತ್ತಿತ್ತೇನು? ಯಾರ ಹೇಳಿದ್ರು? ನಿಮ್ಮವ್ವ? ಆಕಿ ನೋಡಿದ್ಲೇನು?

ಆತು. ಹೌದು. ನಸಿಕಿನ್ಯಾಗ ಗದ್ದಿಗಿ ಒರಸೂ ಪಾಳಿ ನಂದು, ಹಿರಿಸೊಸಿದು. ಹೂ ಅಂಟಿಸಾಕಿನೂ ನಾನೇ. ಕಲ್ಲಯ್ಯನ ಹೂವಿಗೆ ಹಲಸಿನ ಮ್ಯಾಣಾ ಹಚ್ಚಿದೆ. ಒಂದ ಚೂರು. ನಿಂದಕ್ಕ ಬರೇ ನೀರು. ಅರ್ಧಾ ತಾಸಿನಾಗ ಬಿತ್ತು. ನಾಕು ದಿನಾ ಶೇಂಗಾ ಎಣ್ಣಿ ಹಚ್ಚಿ ತಿಕ್ಕಿದ್ರೂ ಬಟ್ಟ ಬಟ್ಟಿಗೆ ಅಂಟತಿತ್ತು.

ಯಾಕಂತ ಕೇಳತೀಯೇನು? ಕೇಳೂದಿಲ್ಲ ನೀ. ನಾನೇ ಹೇಳತೀನಿ. ಕಲ್ಲಯ್ಯ ಮೂರು ವರ್ಷದಾವ ಇದ್ದಾಗ ಧನುರ್ವಾಯು ಬಡದಿತ್ತು. ಕೈಕಾಲ ಕಟಗ್ಯಾಗಿದ್ವು. ಅವನ್ನ ಗದ್ದಿಗಿ ಮ್ಯಾಲ ಹಾಕಿ ಅಂದೆ, ಇವ ಉಳದ್ರ ಕೇದಾರಕ್ಕ ಮರಿ ಬಿಡತೀನಿ ಅಂತ. ಉಳದ. ಯಾರಿಗೂ ಹೇಳಲಿಲ್ಲ, ಗಂಡಗೂ ಹೇಳಲಿಲ್ಲ. ಆದ್ರ ಮಠದ ಹಿರ್ಯಾರು ಊರಿಗೆ ಬಂದು, ನಿಮ್ಮ ಮನಿತನದ ಒಬ್ಬ ಹುಡುಗ ಬೇಕು ಅಂದಾಗ ದೇವರೇ ಕೇಳಾಕ ಬಂದಾನ ಅನಸ್ತು. ಕೊಡದಿದ್ರ ಮಗ ಸಾಯತಾನ. ಕೊಟ್ರ ನನ್ನ ಪಾಲಿಗೆ ಸತ್ತಂಗ. ಎರಡೂ ಒಂದೇ ಮನಿ ಕೂಸು, ಒಂದೇ ರಕ್ತ. ಮರಿ ಅಂದೀನಿ, ಮರಿ ಕೊಟ್ಟೀನಿ, ಯಾರದಾದ್ರೇನು ಅಂದ್ಕೊಂಡೆ. ನಿಮ್ಮವ್ವಗ ಗಂಡ ಇರಲಿಲ್ಲ. ಬ್ಯಾಡ ಅಂತ ಜಗಳಾ ಆಡಾಕ ಯಾರೂ ಇರಲಿಲ್ಲ. ಅದನ್ನೂ ನೋಡೇ ಮಾಡೀನಿ.

ಭರಮವ್ವನ ಮುಂದ ಇಷ್ಟೂ ಹೇಳೀನಿ. ಅದಕ್ಕೇ ಆಕಿ ಅಂದದ್ದು, "ಬದಲಿ ಕೊಟ್ಟೀಯವ್ವಾ, ದೇವರಿಗೆ ಮುಟ್ಟಿಲ್ಲ. ಬದಲಿ ಹೋದಾವ ತಾನೇ ಒಪ್ಪಿ ಹೋಗೀನಿ ಅಂದ್ರ ಮುಟ್ಟತೈತಿ" ಅಂತ. ಕಲ್ಲಯ್ಯಗ ಇದೇನೂ ಗೊತ್ತಿಲ್ಲೋ. ಅವ ನಿನಗ ಏನ ಮಾಡ್ಯಾನ? ನೀ ಹೋದ ಮ್ಯಾಲ ಎಂಟ ದಿನಾ ಅತ್ತ ಅವ.

ಎದ್ದೇನು? ಬಾ... ಬಾರಪಾ ನಮ್ಮಪ್ಪಾ, ಬಾ. ಈ ಕಡೆ. ತಲಿ ಬಗ್ಗಿಸು, ಬಾಗಲಾ ಸಣ್ಣದೈತಿ. ಅಲ್ಲೇ ಕುಂಡ್ರು ಹಾಸಗಿ ಮ್ಯಾಲ. ಕಲ್ಲೂ, ಬಸಯ್ಯ ಬಂದಾನ ನೋಡು... ಕಣ್ಣ ತಗದ! ನೀರು ಕುಡಸತೀಯೇನು? ಕುಡಸು. ಎಷ್ಟು ಹಗೂರಕ ಎತ್ತತೀಯೋ ತಲಿ, ನನಗ ಹಂಗ ಬರೂದಿಲ್ಲ. ದಿಂಬು ಹಿಂಗ ತಿರುವಿದ್ರ ಅವಗ ಉಸರಾಡಾಕ ಬರತೈತಿ, ಹೌದಲ್ಲ... ಹಾಂ, ಕೈ ಇಟ್ಟಿ. ತಲಿ ಮ್ಯಾಲ ಕೈ ಇಟ್ಟಿ. ಲಿಂಗ ಹಿಡಿ ಇನ್ನ. ಅನ್ನು. ನಾ ಮನಸಾರೆ...

ಅನ್ನೋ.

ಬಾಯಿ ತೆರಿಯೋ ಬಸಯ್ಯಾ! ಕೈ ಯಾಕ ತಗದಿ? ಎಲ್ಲಿ ಹೊಂಟಿ? ಆ ಚೀಲಾ ಯಾಕ ತಗೋತಿ? ತಡಿ... ನನ್ನ ಬೈಯಿ, ಚಪ್ಪಲ್ಲೀಲೆ ಹೊಡಿ, ಊರ ಮುಂದ ನಿಲ್ಲಿಸಿ ಉಗಳು. ಆದ್ರ ಆ ಒಂದ ಮಾತು ಅಂದು ಹೋಗು. ಖರೇ ಆಗಿರಬೇಕಂತ ನಾ ಅನ್ನಾಕತ್ತಿಲ್ಲೋ. ಸುಳ್ಳರ ಹೇಳೋ! ನಾ ನಿನಗ ಅಷ್ಟು ಸುಳ್ಳು ಹೇಳೀನಿ, ನೀ ನನಗ ಒಂದ... ಒಂದ ಸುಳ್ಳು ಹೇಳಾಕಿಲ್ಲೇನೋ?