ನೂರಿಯ ದುಡ್ಡು

ಹಾದೊಂಗ್ ಪೇಟೆಯ ಪಶುವೈದ್ಯರ ಆಸ್ಪತ್ರೆಯಲ್ಲಿ ಮಿರಾನ್ ತನ್ನ ಬೆಕ್ಕಿನ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಸರದಿ ಕಾಯುತ್ತಿದ್ದಳು. ಕೌಂಟರಿನ ಮುಂದೆ ಸುನ್‌ಬುನ್ ಅಜ್ಜಿ ತನ್ನ ಹೆಣ್ಣುನಾಯಿ ನೂರಿಯ ಹಗ್ಗ ಹಿಡಿದು, ಅಲ್ಲಿದ್ದ ಹುಡುಗಿಯೊಡನೆ ಚೌಕಾಸಿಗೆ ಇಳಿದಿದ್ದಳು.

“ಮರಿಯಾಗದ ಹಾಗೆ ಮಾಡೋಕೆ ನಾಲ್ಕು ಲಕ್ಷ ವಾನ್ ದುಡ್ಡಾ? ಎರಡು ಮೂಟೆ ಅಕ್ಕಿ ಬರತ್ತಲ್ಲೇ ತಾಯಿ!”

“ಹೊಟ್ಟೆ ಕೊಯ್ಯೋ ಕೆಲಸ ಅಜ್ಜಿ. ರಕ್ತ ಪರೀಕ್ಷೆ, ಅರಿವಳಿಕೆ, ಹೊಲಿಗೆ, ಆಮೇಲೆ ನೋವಿನ ಇಂಜೆಕ್ಷನ್, ಎಲ್ಲಾ ಸೇರಿ.”

“ಆ ನೋವಿನದೊಂದು ಬಿಟ್ಟುಬಿಡು.”

“ಪಾಪ, ಎರಡು ದಿನ ನರಳತ್ತೆ.”

“ಇವಳಾ? ಆರು ಸಲ ಹೆತ್ತಿದಾಳೆ, ಒಂದು ಸಲನೂ ಕುಂಯ್ ಅಂದಿಲ್ಲ.”

“ಮರಿಗಳೆಲ್ಲ ಎಲ್ಲಿ ಅಜ್ಜಿ?”

“ಎಲ್ಲಿ ಅಂದ್ರೆ? ಕೆಂಪು ರಬ್ಬರ್ ಬೋಗುಣೀಲಿ ಹಾಕ್ಕೊಂಡು ಹೋಗಿ ಸಂತೇಲಿ ಮಾರಿದೆ. ಖಾಲಿ ಬೋಗುಣಿ ತಂದಿಟ್ರೆ ಇವಳು ಹೋಗಿ ಅದರೊಳಗೇ ಮಲಗೋಳು. ಮೂರು ದಿನ ಅನ್ನ ಮುಟ್ತಿರಲಿಲ್ಲ.”

ಹೇಳುತ್ತ ಹೇಳುತ್ತ ಅಜ್ಜಿಯ ದನಿ ತಗ್ಗಿತು. ಅಜ್ಜಿ ಒಳಜೇಬಿನಿಂದ ಬಟ್ಟೆಯ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

“ತಗೋ. ಆ ಮರಿಗಳನ್ನ ಮಾರಿದ ದುಡ್ಡೇ ಇದು, ನಂದೇನಲ್ಲ. ನೋವಿನದನ್ನೂ ಬರ್ಕೋ.”

ಒಳಗಿನಿಂದ ಕರೆ ಬಂತು. ಹಗ್ಗದ ಹಿಂದೆ ಹೊರಟ ನೂರಿ ಮಿರಾನಳ ಹತ್ತಿರ ಗಕ್ಕನೆ ನಿಂತು, ಬುಟ್ಟಿಯೊಳಗೆ ಒಮ್ಮೆ ಇಣುಕಿ ನೋಡಿ, ಮುಂದೆ ಹೋಯಿತು.