ಯುಪಿಎಸ್ ಒರೆಸಿದ ತಮ್ಮಯ್ಯ

ಎಲ್ಲೋ ಕೇಳಿದ ಮಾತಲ್ಲ ಇದು. ನಮ್ಮ ದೊಡ್ಡಮ್ಮನ ಮಗ ನಾಗರಾಜುವಿಗೇ ಆದದ್ದು. ಹೆದರಿಕೆಯಾದರೆ ಈಗಲೇ ಎದ್ದು ಹೋಗಿ ಮಲಗಿ.

ಕಿಕ್ಕೇರಿ ಕಡೆಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕಂಪ್ಯೂಟರು ನೋಡಿಕೊಳ್ಳುವ ಕೆಲಸ ಅವನದು. ಆಯುಧಪೂಜೆಯ ಹಿಂದಿನ ದಿನ ಬೀಗ ಹಾಕಿ ಹೊರಟಾಗ ಕತ್ತಲಾಗಿತ್ತು. ದಾರಿಯ ಹಾಳುಬಾವಿ ದಾಟಿದ್ದನೋ ಇಲ್ಲವೋ... ಹಿಂದೆ ಒದ್ದೆ ಬಟ್ಟೆ ಹಿಂಡಿದ ಸದ್ದು. ಪಿಚಕ್... ಆಮೇಲೆ ಹನಿ. ಟಪ್. ಟಪ್.

ತಿರುಗಿ ನೋಡಿದ. ಯಾರೂ ಇಲ್ಲ.

"ಸಾ... ಲೈನು ಆಫ್ ಮಾಡಿದ್ದೀರಾ?"

ಪಿಸುಮಾತು. ಕಿವಿಯ ಹತ್ತಿರವೇ. ಅದು ಲೈಬ್ರರಿ ಅಟೆಂಡರ್ ತಮ್ಮಯ್ಯನ ದನಿ. ತಮ್ಮಯ್ಯ ಸತ್ತು ವರ್ಷವಾಗಿತ್ತು.

ಹಿಂದಿನ ವರ್ಷ ಇದೇ ದಿನ, ಪೂಜೆಗೆಂದು ಕಂಪ್ಯೂಟರುಗಳನ್ನೆಲ್ಲ ಒರೆಸಿ ಮುಗಿಸಿದ ತಮ್ಮಯ್ಯ, ಯುಪಿಎಸ್‌ಗೆ ಒದ್ದೆ ಬಟ್ಟೆ ಹಾಕುವ ಮುಂಚೆ ಇದೇ ಮಾತು ಕೇಳಿದ್ದ. ನಾಗರಾಜು ಮೊಬೈಲಿನಿಂದ ತಲೆ ಎತ್ತದೆ, "ಮಾಡಿವ್ನಿ, ಒರ್ಸಣ್ಣ" ಅಂದಿದ್ದ. ಮಾಡಿರಲಿಲ್ಲ. ಚಟ್ ಅಂತ ಒಂದು ಸದ್ದು... ಅಷ್ಟೇ. ಕೆಲಸ ಹೋದೀತೆಂಬ ಭಯಕ್ಕೆ, "ಕುಡಿದು ಬಂದು, ಹೇಳದೆ ಕೇಳದೆ ಕೈ ಹಾಕಿದ" ಅಂತ ಕಾಲೇಜಿಗೆ ಬರೆದುಕೊಟ್ಟ. ಎಂಥ ನೀಚ ಕೆಲಸ! ನಮ್ಮವನು ಅಂತ ನಾನೇನೂ ಮುಚ್ಚಿಡುವುದಿಲ್ಲ.

"ಸಾ... ಆಫ್ ಮಾಡಿದ್ದೀರಾ?"

"ಇಲ್ಲ ಕಣಣ್ಣ... ಮಾಡಿರ್ನಿಲ್ಲ."

ಹನಿ ನಿಂತಿತು. ಇನ್ನೂ ಮೆಲ್ಲಗೆ... "ನಮ್ಮನೇಲಿ ಯೋಳಿ ಸಾ."

ನಾಗರಾಜು ತಮ್ಮಯ್ಯನ ಮನೆಗೆ ಓಡಿದ. ತಮ್ಮಯ್ಯನ ಹೆಂಡತಿ ದ್ಯಾವಮ್ಮ ಒಬ್ಬಳೇ ಇದ್ದಳು. ಹೊಸಿಲ ಹೊರಗೇ ಕೂತು ಎಲ್ಲ ಹೇಳಿದ. ಅವಳು ಅಳಲಿಲ್ಲ, ಬಯ್ಯಲೂ ಇಲ್ಲ.

"ಕುಡ್ದಿರ್ನಿಲ್ವಾ?" ಅಂದಳು. "ಕುಡ್ದು ಸತ್ತೋನ್ಗೆ ಯಾಕೆ ಅಂತ ಮಾರ್ನಮಿ ಅಮಾಸೇಲಿ ಎಡೇನೂ ಇಕ್ನಿಲ್ವಲ್ಲಪ್ಪ... ಒಟ್ಟೆ ಅಸ್ಕೊಂಡು ಅಲೀತಾವ್ನಲ್ಲೋ..."

ಆಗಲೇ ಒಲೆ ಹಚ್ಚಿದಳು. ಮುದ್ದೆ, ಉಪ್ಸಾರು ಮಾಡಿ ಬಾಳೆಲೆಗೆ ಬಡಿಸಿ ಗಂಡನ ಫೋಟೋ ಮುಂದೆ ಇಟ್ಟಳು. ಸತ್ತವರಿಗೆ ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಹೊರಗೆ ನಿಲ್ಲಬೇಕಲ್ಲ... ಇಬ್ಬರೂ ನಿಂತರು. ಒಂದೇ ಬಾಗಿಲಿನ ಮನೆ. ಒಳಗಿಂದ ಸದ್ದೇ ಇಲ್ಲ.

ಮಾರನೆಯ ವಾರ ನಾಗರಾಜು ಕಾಲೇಜಿಗೆ ನಿಜ ಬರೆದುಕೊಟ್ಟ. ಕೆಲಸ ಹೋಯಿತು. ಅವನು ಈಗಲೂ ಇದ್ದಾನೆ, ನೀವೇ ಹೋಗಿ ಕೇಳಿ. ಅವತ್ತು ಬಾಗಿಲು ತೆಗೆದಾಗ, ಉಂಡು ಎದ್ದವರು ಮಡಚುವ ಹಾಗೆ, ಎಲೆ ಮಡಚಿಟ್ಟಿತ್ತು.